ನಾದಿನಿಯ ಕಿವಿ, ನಾನು ನುಂಗಿದ ಮಾತು

ನನ್ನ ಅತ್ತೆಯ ಮನೆಯಲ್ಲಿ ಅಕ್ಕಿ ಮುಗಿದರೆ ಮುಗಿಯಿತು ಎನ್ನುವಂತಿರಲಿಲ್ಲ, ‘ಹೆಚ್ಚ್ಯಾವ’, ಹೆಚ್ಚಾಗಿವೆ, ಎನ್ನಬೇಕು. ದೀಪ ಆರಿಸುವುದಲ್ಲ, ಶಾಂತ ಮಾಡುವುದು. ಬಳೆ ಕೂಡ ಒಡೆಯುವುದಿಲ್ಲ, ಹೆಚ್ಚುತ್ತದೆ. ಕೆಟ್ಟ ಮಾತು ಬಾಯಿಂದ ಬಿದ್ದರೆ ಮನೆಯ ಮೇಲೆ ಹಾಯುವ ದೇವತೆಗಳು ‘ಅಸ್ತು’ ಅಂದುಬಿಡುತ್ತಾರೆ ಎಂಬ ಭಯ. ಕಾನ್ವೆಂಟಿನಲ್ಲಿ ಕಲಿತು ಬಂದ ನನಗೆ ಇದೇನೂ ಕಷ್ಟವಾಗಲಿಲ್ಲ. ಅಲ್ಲಿಯ ಸಿಸ್ಟರುಗಳೂ ಮೆಲ್ಲಗೆ ಮಾತಾಡು, ಯಾರ ಮನಸ್ಸೂ ನೋಯಿಸಬೇಡ ಎಂದೇ ತಿದ್ದಿದ್ದರು. ಎರಡೂ ಕಡೆ ನಾನು ಒಳ್ಳೆಯವಳು.

ನಾದಿನಿಗೆ ಆಗ ಹದಿನೇಳು. ಶ್ರಾವಣಕ್ಕೆಂದು ವಿಜಾಪುರದ ಗಂಡನ ಮನೆಯಿಂದ ಧಾರವಾಡಕ್ಕೆ ಬಂದಿದ್ದಳು. ಚಿಕ್ಕಂದಿನಿಂದ ಅವಳ ಎಡಗಿವಿ ಸೋರುತ್ತಿತ್ತು. ಅತ್ತೆ ಬಳ್ಳೊಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟು ಅರಳೆ ಇಡುತ್ತಿದ್ದರು. ಆ ಸಲ ಸೋರುವುದು ತಾನಾಗಿಯೇ ನಿಂತಿತು. ಎಲ್ಲರಿಗೂ ಸಂತೋಷ, ಅತ್ತೆ ಹನುಮಪ್ಪನ ಗುಡಿಗೆ ಎಣ್ಣೆ ಕೊಟ್ಟು ಬಂದರು. ನಾಲ್ಕು ದಿನಕ್ಕೆ ಕಿವಿಯ ಕೆಳಗೆ, ಕುತ್ತಿಗೆಯಲ್ಲಿ, ಬಾವು ಎದ್ದಿತು.

“ವೈನಿ, ಬಲಗಡಿಂದ ನೋಡಿದ್ರ ನಾನು, ಎಡಗಡಿಂದ ನೋಡಿದ್ರ ನಮ್ಮ ದಪ್ಪ ಕುತ್ತಿಗಿ ಅತ್ತಿ,” ಎಂದು ಅವಳು ಕನ್ನಡಿ ಹಿಡಿದು ನಕ್ಕಳು. ನಗುವಾಗ ಕುತ್ತಿಗೆ ತಿರುಗಲಿಲ್ಲ, ಭುಜವೆಲ್ಲ ತಿರುಗಿತು.

ನನ್ನ ಯಜಮಾನರು ಕೆಲಸದ ಮೇಲೆ ಪುಣೆಯಲ್ಲಿದ್ದರು. ಹುಬ್ಬಳ್ಳಿಯ ದವಾಖಾನೆಗೆ ನಾವು ಮೂವರು ಹೆಂಗಸರೇ ರೈಲಿನಲ್ಲಿ ಹೋದೆವು. ಅಲ್ಲಿಯ ಡಾಕ್ಟರಬಾಯಿ ಇಂಗ್ಲೆಂಡಿನವರು, ಕನ್ನಡ ಅಷ್ಟಕ್ಕಷ್ಟೆ. ನಾನೇ ನಡುವೆ ನಿಂತೆ. ಅವರು ಬಾವನ್ನು ಎರಡು ಬೆರಳಿನಿಂದ ಒತ್ತಿದರು. ಒಣಗಿದ್ದ ಕಿವಿಯಲ್ಲಿ ಕೀವು ಜಿನುಗಿತು. ಕಿವಿಯ ಹಿಂದಿನ ಎಲುಬನ್ನು ಕೀವು ಒಳಗಿಂದ ತಿಂದು ಕುತ್ತಿಗೆಗೆ ಇಳಿದಿದೆ, ಇಂಥದ್ದನ್ನು ಈ ಮೊದಲು ಎರಡೇ ಸಲ ನೋಡಿದ್ದೇನೆ ಎಂದರು. ಆ ಕಡೆಯ ಕೂದಲು ಬೋಳಿಸಿ, ಎಲುಬು ಕೊರೆದು ಕೀವು ತೆಗೆಯಬೇಕು, ಇವತ್ತೇ. ತಡವಾದರೆ ಮೆದುಳಿಗೆ ಏರುತ್ತದೆ, ಹುಡುಗಿ ಸಾಯುತ್ತಾಳೆ.

“ಏನಂತಾಳ ಬಾಯಿ?” ಎಂದರು ಅತ್ತೆ.

ಕೂದಲಿನ ವಿಷಯ ಹೇಳಿದೆ, ಎಲುಬಿನದೂ ಹೇಳಿದೆ. ಕೊನೆಯ ಮಾತು ಗಂಟಲವರೆಗೆ ಬಂತು. ನಾದಿನಿ ಸ್ಟೂಲಿನ ಮೇಲೆ ಕೂತು ಹೊಸ ಹಸಿರು ಬಳೆ ಎಣಿಸುತ್ತಿದ್ದಳು. ಅವಳ ಎದುರು ಆ ಮಾತೆ? “ಲಗೂ ಮಾಡಿಸಿದ್ರ ಛಲೋ ಅಂತಾರ್ರಿ, ಅತ್ತ್ಯಾರ,” ಎಂದೆ.

ಅತ್ತೆ ಕೆಂಪು ಸೀರೆಯ ಸೆರಗನ್ನು ತಮ್ಮ ಬೋಳುತಲೆಯ ಮೇಲೆ ಬಿಗಿಯಾಗಿ ಎಳೆದುಕೊಂಡರು. ಇಪ್ಪತ್ತೆರಡಕ್ಕೇ ಗಂಡ ಹೋಗಿ ಬೋಳಾದ ತಲೆ ಅದು. “ಗಂಡ ಗಟ್ಟಿಮುಟ್ಟ ಇದ್ದಾನ, ಇಕಿ ತಲಿಗೆ ಕತ್ತಿನ? ಈ ಮನಿಗೆ ನನ್ನ ತಲಿ ಸಾಕಾಗಿಲ್ಲೇನು? ಬೀಗರಿಗೆ ಕಾಗದ ಬರೀ. ಅವರು ಹೂಂ ಅಂದ್ರ ನೋಡೋಣು.”

“ಅವರಿಗೆ ಎಲ್ಲ ತಿಳಿಯಿತೆ?” ಎಂದು ಡಾಕ್ಟರಬಾಯಿ ನನ್ನನ್ನೇ ದಿಟ್ಟಿಸಿ ಇಂಗ್ಲಿಷಿನಲ್ಲಿ ಕೇಳಿದರು.

ತಿಳಿಯಿತು ಎಂದೆ.

ಧಾರವಾಡಕ್ಕೆ ಮರಳಿ ಬೀಗರಿಗೆ ಕಾಗದ ಬರೆದವಳೂ ನಾನೇ. ‘ಕಿವಿಯ ಉಪದ್ರವ ಸ್ವಲ್ಪ ಇದೆ, ಕೂದಲು ತೆಗೆಸಲು ತಮ್ಮ ಅಪ್ಪಣೆ ಬೇಕು, ಕಾಳಜಿ ಮಾಡಬಾರದು.’ ದುಂಡನೆಯ ಅಕ್ಷರ, ಒಂದೂ ಚಿತ್ತುಕಾಟಿಲ್ಲ.

“ವೈನಿ, ಖರೇ ಹೇಳ್ರಿ. ಆಕಿ ಇನ್ನೂ ಏನೋ ಅಂದ್ಲಲ್ಲ?” ಎಂದು ನಾದಿನಿ ಮರುದಿನ ಕೇಳಿದಳು. ಏನಿಲ್ಲವ್ವ ಎಂದು ಜಡೆ ಹಾಕಿದೆ. ಎಡಗಡೆ ಬಾಚಣಿಗೆ ತಾಕಿದಾಗಲೆಲ್ಲ ತುಟಿ ಕಚ್ಚುತ್ತಿದ್ದಳು.

ಬೀಗರ ಉತ್ತರ ಬರಲಿಲ್ಲ. ಐದನೆಯ ದಿನ ಅವಳಿಗೆ ವಾಂತಿ ಹತ್ತಿತು, ಕುತ್ತಿಗೆ ಕಟ್ಟಿಗೆಯಂತಾಯಿತು, ಬೆಳಕು ಕಂಡರೆ ಚೀರತೊಡಗಿದಳು. ಆಗ ಯಾರ ಅಪ್ಪಣೆಗೂ ಕಾಯಲಿಲ್ಲ. ಹುಬ್ಬಳ್ಳಿಯಲ್ಲಿ ನರ್ಸು ಕೂದಲು ತೆಗೆದಳು, ಡಾಕ್ಟರಬಾಯಿ ಎಲುಬು ಕೊರೆದರು. ಮೂರನೆಯ ದಿನ ಬೆಳಿಗ್ಗೆ ನಾದಿನಿ ಹೋದಳು.

ನೋಡಲು ಬಂದ ಹೆಂಗಸರು ಮುತ್ತೈದೆ ಸಾವು, ಪುಣ್ಯವಂತಿ ಎಂದರು. ಅಂಥ ಪುಣ್ಯ ಅವರ ಹೆಣ್ಣುಮಕ್ಕಳಿಗೂ ಬರಲಿ ಎನ್ನಬೇಕೆನಿಸಿತು. ಎಂದಿನಂತೆ ಮೆಲ್ಲಗೆ ಕೂಡ್ರಿ ಎಂದು ಚಾಪೆ ಹಾಸಿದೆ.

ನರ್ಸು ಕೂದಲನ್ನು ಕಾಗದದಲ್ಲಿ ಸುತ್ತಿ ಕೊಟ್ಟಿದ್ದಳು. ಹದಿನೈದು ದಿನ ಕಳೆದ ಮೇಲೆ ಅತ್ತೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು: “ಮೊದಲನೇ ದಿನಾನ ಆ ಬಾಯಿ ಜೀವ ಹೋಗ್ತದ ಅಂದಿದ್ಲೇನು?”

“ಹೌದ್ರಿ.”

“ನನಗ್ಯಾಕ ಹೇಳ್ಲಿಲ್ಲ?”

“ಅಂಥ ಮಾತು ಹ್ಯಾಂಗ ಆಡೋದು ಅಂತ...”

“ಜೀವ ಹೋಗ್ತದ ಅಂದಿದ್ರ ನಾನ ಕತ್ತಿ ಹಿಡಿದು ಬೋಳಿಸ್ತಿದ್ದೆ, ಹುಚ್ಚಿ.” ದನಿ ಏರಲಿಲ್ಲ. ಏರಿದ್ದರೆ ನನಗೆ ಅಳುವಾದರೂ ಬರುತ್ತಿತ್ತು.

ಆ ತಿಂಗಳು ಅಕ್ಕಿಯ ಡಬ್ಬಿಯ ತಳ ಕೈಗೆ ತಾಕಿತು. “ಅಕ್ಕಿ ಮುಗದಾವ್ರಿ,” ಎಂದೆ. ಅತ್ತೆ ತಲೆಯೆತ್ತಿ ನನ್ನನ್ನು ನೋಡಿದರು. ತಿದ್ದಲಿಲ್ಲ.