ದೋಣಿ ಹತ್ತಿದ ಮೊಮ್ಮಗಳು

ನನ್ನ ಮಗನ ಮಗಳು ಆಸ್ಪತ್ರೆಯ ಆಶಾ ಕಾರ್ಯಕರ್ತೆಯಾಗಿ ಕೆಲಸಕ್ಕೆ ಸೇರಿದ ದಿನ ನಾನು ಕೇರಿಗೆಲ್ಲ ಅವಲಕ್ಕಿ ಹಂಚಿದ್ದೆ. ನಾನು ಕಲಿತದ್ದು ಎರಡನೇ ಕ್ಲಾಸು. ಅವಳು ಮನೆ ಮನೆಗೆ ಹೋಗಿ, ನೀರಿನ ಪಾತ್ರೆಗೆ ಟಾರ್ಚಿನ ಬೆಳಕು ಬಿಟ್ಟು, ಸೊಳ್ಳೆಯ ಹುಳ ಇದೆಯೇ ಎಂದು ನೋಡಿ ಪುಸ್ತಕದಲ್ಲಿ ಬರೆಯುವಾಗ, ಬರೆಯುವುದು ನಾನೇ ಎಂಬಷ್ಟು ಹಿಗ್ಗು ನನಗೆ.

ಒಂದು ಮಳೆಗಾಲ ನಮ್ಮ ಕಡಲ ಕೇರಿಗೆ ಡೆಂಗಿ ಬಂತು. ಮೊದಲು ಇಬ್ಬರಿಗೆ, ಆಮೇಲೆ ಭಾವನವರ, ಅಂದರೆ ನನ್ನ ಗಂಡನ ಅಣ್ಣನ, ಬಸುರಿ ಸೊಸೆಗೆ. ಮೊಮ್ಮಗಳು ಹಂಡೆ, ಡ್ರಮ್ಮು, ತೆಂಗಿನ ಗೆರಟೆ ಒಂದನ್ನೂ ಬಿಡದೆ ನೋಡಿದಳು. ಹುಳ ಇಲ್ಲ. ನೀನು ಮನೆಗಳಿಗೆ ಹೋಗುತ್ತೀಯೋ, ಕೂತಲ್ಲೇ ಬರೆಯುತ್ತೀಯೋ ಎಂದು ಆಸ್ಪತ್ರೆಯಲ್ಲಿ ಮೇಲಿನವರು ಅವಳನ್ನು ಎಲ್ಲರ ಎದುರು ಕೇಳಿದರಂತೆ. ಕೆಲಸ ಉಳಿಯುವುದಿಲ್ಲ ಎನ್ನುತ್ತಾ ಊಟ ಬಿಟ್ಟು ಕೂತಳು.

ಆಗ ನನಗೆ ಹೊಳೆಯಿತು. ಮಳೆಗಾಲದಲ್ಲಿ ದೋಣಿ ಮೇಲೆಳೆದು ಚಪ್ಪರದಡಿ ಇಡುತ್ತೇವೆ. ಮರ ಒಣಗಿ ಹಲಗೆ ಬಿರಿಯಬಾರದೆಂದು ಅಡಿಯ ತೂತಿಗೆ ಬಿರಡೆ ಹಾಕಿ, ಒಳಗೆ ಒಂದು ಗೇಣು ಸಿಹಿನೀರು ನಿಲ್ಲಿಸುವುದು ನಮ್ಮವರ ಕ್ರಮ. ಅದನ್ನು ನೀರಿನ ಪಾತ್ರೆ ಎಂದು ಯಾರು ನೆನೆಸುತ್ತಾರೆ?

ಮೊಮ್ಮಗಳನ್ನು ಕರೆದುಕೊಂಡು ಹೋದರೆ, ಚಪ್ಪರದಲ್ಲಿ ಭಾವ ಬಲೆ ಹೆಣೆಯುತ್ತಾ ಕೂತಿದ್ದರು. ಹುಡುಗಿ ದೋಣಿಗೆ ಕೈ ಇಟ್ಟದ್ದೇ ತಡ, ಎದ್ದು ಅಡ್ಡ ನಿಂತರು.

"ಹೆಂಗ್ಸ್ರ್ ದೋಣಿ ಹತ್ತುಕಾಗ. ಬಲಿಗ್ ಮೀನ್ ಬೀಳ್ತಿಲ್ಲೆ."

ಹಾಗಾದರೆ ನೀವೇ ಟಾರ್ಚು ಬಿಟ್ಟು ನೋಡಿ ಎಂದಳು ಇವಳು. ತನಗೆ ಕಣ್ಣು ಕಾಣುವುದಿಲ್ಲ, ಮಗ ಕೊಲ್ಲೂರಿಂದ ಬಂದಮೇಲೆ ನೋಡುತ್ತಾನೆ ಅಂದರು. ಮಗ ಬರಲು ಇನ್ನೂ ನಾಲ್ಕು ದಿನ.

"ಹೋಪ ಅಜ್ಜಿ," ಎಂದು ಹುಡುಗಿ ತಿರುಗಿದಳು.

ನಾನು ಸೀರೆ ಎತ್ತಿ ಕಟ್ಟಿದೆ. "ಹ್ವಾಯ್ ಭಾವಾ, ಈ ದೋಣಿ ಮೀನ್ ಕೋಟೇಶ್ವರದ್ ಸಂತಿ ತನ್ಕ ಹೊತ್ತದ್ದ್ ನಾನೇ ಅಲ್ದಾ? ಅಷ್ಟ್ ವರ್ಷ ನನ್ ತಲಿ ಆಯ್ತ್, ಈಗ ಕಾಲ್ ಆಗ್ದಾ?"

ಅವರು ಬಾಯಿ ತೆರೆಯುವಷ್ಟರಲ್ಲಿ ಹತ್ತಿಬಿಟ್ಟಿದ್ದೆ. ಮೊಣಕಾಲಿನ ಚರ್ಮ ಸುಲಿದದ್ದು ಮನೆಗೆ ಹೋದಮೇಲೆ ಗೊತ್ತಾಯಿತು. ಹಿಂದೆಯೇ ಹತ್ತಿದ ಮೊಮ್ಮಗಳು ಟಾರ್ಚು ಬಿಟ್ಟಳು. ಸಾರಿಗೆ ಹಾಕಿದ ಜೀರಿಗೆಗೆ ಜೀವ ಬಂದ ಹಾಗೆ ಹುಳಗಳು ಕುಣಿಯುತ್ತಿದ್ದವು.

ಅವಳು ಸೌಟಿನಲ್ಲಿ ಮೊಗೆದು ಬಾಟಲಿಗೆ ತುಂಬಿ ಭಾವನ ಕೈಗೆ ಕೊಟ್ಟಳು. ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬಗ್ಗಿ ತಾವೇ ಬಿರಡೆ ಕಿತ್ತರು.

ಸಂಜೆಯೊಳಗೆ ಸಾಲಿನ ದೋಣಿಗಳೆಲ್ಲ ಖಾಲಿ. ಈಗ ನೀರು ನಿಲ್ಲಿಸುವ ಬದಲು ಹಲಗೆಗೆ ಒದ್ದೆ ಗೋಣಿ ಹೊದಿಸುತ್ತೇವೆ. ಸೊಸೆ ಹುಷಾರಾದಳು, ಹೆಣ್ಣು ಮಗು ಹೆತ್ತಳು. ಮೊಮ್ಮಗಳ ಕೆಲಸ ಉಳಿಯಿತು; ಅವಳ ಪುಸ್ತಕದಲ್ಲಿ ಹಂಡೆ, ಡ್ರಮ್ಮಿನ ಕೆಳಗೆ "ದೋಣಿ" ಎಂದು ಹೊಸದಾಗಿ ಸೇರಿತು. ಅಕ್ಷರ ಕೂಡಿಸಿ ಓದಿದೆ, ಎರಡು ಸಲ.

ಮಳೆ ಕಳೆದು ಅದೇ ದೋಣಿ ಕಡಲಿಗಿಳಿದಾಗ ಬಂಗುಡೆ ಬೇಕಾದಷ್ಟು ಬಂತು. ಭಾವನ ಎದುರೇ ಬುಟ್ಟಿ ತುಂಬಿಸಿಕೊಂಡು ಹೊರಟೆ, ದೋಣಿಯ ಅಂಚಿಗೆ ಕಾಲು ತಾಗಿಸಿಕೊಂಡೇ.