ಮೊಬೈಲ್ ಹೇಳಿಕೊಟ್ಟದ್ದು, ಅಷ್ಟೇ

ನನ್ನ ಅತ್ತಿಗೆಗೆ ಸಿಗಬೇಕಾಗಿದ್ದ ಕೆಲಸವನ್ನು ನಾನು ಒಂದೇ ವಾಕ್ಯದಲ್ಲಿ ತಪ್ಪಿಸಿದೆ. ಆ ವಾಕ್ಯದಲ್ಲಿ ಸುಳ್ಳಿರಲಿಲ್ಲ. ಎರಡು ವರ್ಷ ನಾನು ಉಂಡು ಮಲಗಿ ಎದ್ದು ಓಡಾಡಿದ್ದು ಆ ಸಮಾಧಾನದ ಮೇಲೆಯೇ — ಸುಳ್ಳೇನೂ ಹೇಳಿಲ್ಲವಲ್ಲ ಎಂಬುದರ ಮೇಲೆ.

ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಫೋನ್ ಬಂದದ್ದು ಮಂಗಳವಾರವೋ ಬುಧವಾರವೋ, ನಾನಿದ್ದ ಬಸ್ಸು ಸಿದ್ದಕಟ್ಟೆ ದಾಟಿತ್ತೋ ಇಲ್ಲವೋ — ದಿನಚರಿಯಲ್ಲಿ ಆ ವಾರದ ಪುಟಗಳು ಖಾಲಿ. ದಿನವೂ ಬರೆಯುವವಳು ಅದೇ ವಾರ ಬರೆದಿಲ್ಲ. ಇನ್ನೊಂದು ಮಾತು. ನಮ್ಮ ಮನೆಯ ನುಡಿ ತುಳು. ಮನೆಯೊಳಗಿನ ಮಾತುಗಳನ್ನು ಇಲ್ಲಿ ಕನ್ನಡಕ್ಕೆ ತರುವಾಗ ನನಗೆ ಬೇಕಾದ ಹಾಗೆ ಸ್ವಲ್ಪ ಬಾಗಿಸಿದ್ದರೂ ಬಾಗಿಸಿರಬಹುದು. ನಾನು ಹೇಳಿದ ಆ ವಾಕ್ಯ ಮಾತ್ರ ಇದ್ದ ಹಾಗೇ ಇದೆ. ಅದನ್ನು ಹೇಳಿದ್ದೇ ಕನ್ನಡದಲ್ಲಿ.

ಅತ್ತಿಗೆಯ ಹೆಸರು ವಿನೋದಾ. ತವರು ಬೆಳ್ತಂಗಡಿ ತಾಲೂಕಿನ ಕೊಕ್ಕಡ. ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿ, ಮಾಣಿಯಲ್ಲಿ ವೆಲ್ಡಿಂಗ್ ಕೆಲಸ ಮಾಡುವ ನನ್ನ ಅಣ್ಣನನ್ನು ಮದುವೆಯಾಗಿ ಬಂಟ್ವಾಳದ ಬಳಿಯ ನಮ್ಮ ಮನೆಗೆ ಬಂದರು. ಹನ್ನೆರಡನೇ ವಯಸ್ಸಿನಿಂದ ಬೀಡಿ ಕಟ್ಟುತ್ತಿದ್ದರು, ಇಲ್ಲಿಯೂ ಅದೇ. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಹೊಗೆಸೊಪ್ಪು, ಪಕ್ಕದಲ್ಲಿ ಒದ್ದೆ ಬಟ್ಟೆ ಮುಚ್ಚಿದ ಎಲೆ. ಬೆಳಿಗ್ಗೆ ಬಾಗಿದ ಬೆನ್ನು ಸಂಜೆಯ ಹೊತ್ತಿಗೆ ನೆಟ್ಟಗಾಗಬೇಕಾದರೆ ಗೋಡೆ ಹಿಡಿಯಬೇಕಿತ್ತು. ಅವರ ಆಸೆ ಒಂದೇ. "ಕುರ್ಚಿಯಲ್ಲಿ ಕೂತು ಮಾಡುವ ಕೆಲಸ ಒಂದು ಸಿಕ್ಕಿದ್ರೆ ಸಾಕು ಮಾರಾಯ್ತಿ. ಯಾವ ಕುರ್ಚಿಯಾದ್ರೂ ಆಗ್ತದೆ. ಬೆನ್ನಿಗೆ ಹಲಗೆ ಇದ್ರೆ ಆಯ್ತು."

ಬಿ.ಸಿ.ರೋಡಿನ ಲ್ಯಾಬ್ ಒಂದರಲ್ಲಿ ಅಂಥ ಕುರ್ಚಿ ಖಾಲಿಯಾಗುವುದಿತ್ತು. ರಕ್ತ ಪರೀಕ್ಷೆಗೆ ಬರುವವರ ಹೆಸರು ಬರೆದುಕೊಳ್ಳುವುದು, ರಿಪೋರ್ಟ್ ಕೊಡುವುದು, ಇನ್ಶೂರೆನ್ಸಿನವರು ಎಲ್ಲಿಂದಲೋ ಫೋನ್ ಮಾಡಿದರೆ ಉತ್ತರಿಸುವುದು. ಅದಕ್ಕೆ ಇಂಗ್ಲಿಷ್ ಬೇಕಿತ್ತು. ಅತ್ತಿಗೆ ನನ್ನನ್ನು ಕೇಳತೊಡಗಿದರು — ಇದಕ್ಕೆ ಏನು ಹೇಳುವುದು, ಅದಕ್ಕೆ ಏನು ಹೇಳುವುದು. ನಾನು ಮೂಡುಬಿದಿರೆಯ ಖಾಸಗಿ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರ್. ಮನೆಗೆ ಬಂದ ಮೇಲೂ ಟೀಚರ್ ಆಗಿರಲು ಮನಸ್ಸಿರಲಿಲ್ಲ. ಒಂದು ದಿನ ಅವರ ಫೋನಿನಲ್ಲಿ ಎಐ ಆ್ಯಪ್ ಹಾಕಿ ಕೊಟ್ಟೆ. ಕೇಳಿದ್ದನ್ನು ಹುಡುಕಿ ಬಾಯಲ್ಲೇ ಉತ್ತರ ಹೇಳುವಂಥದ್ದು. "ಇದನ್ನೇ ಕೇಳಿ ಅತ್ತಿಗೆ. ಇದಕ್ಕೆ ಸುಸ್ತಾಗುವುದಿಲ್ಲ."

ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟು, ಕೈ ಬೀಡಿ ಕಟ್ಟುತ್ತಿರುವಾಗಲೇ ಅತ್ತಿಗೆ ಪದ ಕಲಿತರು. ಕೈಗೆ ಬಿಡುವಿರಲಿಲ್ಲ, ಕಿವಿಗೂ ಬಾಯಿಗೂ ಬೇಕಾದಷ್ಟಿತ್ತು. ಅಮ್ಮ ಒಳಗಿನಿಂದ ತಮಾಷೆ ಮಾಡುತ್ತಿದ್ದಳು: "ವಿನೋದಾ, ಜಾಗ್ರತೆ. ಬೀಡಿಯೊಳಗೆ ಇಂಗ್ಲಿಷ್ ಸೇರಿದ್ರೆ ಬೀಡಿ ಕಂಪನಿ ಬ್ರಾಂಚಿನವ ಕಟ್ಟು ಬಿಚ್ಚಿ ವಾಪಸ್ ಕಳಿಸ್ತಾನೆ!"

"ಕಳಿಸ್ಲಿ ಅತ್ತೆ. ಯಾಕೆ ಕಳಿಸಿದ್ದು ಅಂತ ಅವನ ಹತ್ರ ಇಂಗ್ಲಿಷಲ್ಲೇ ಕೇಳ್ತೇನೆ."

ಇಲ್ಲಿ ಒಂದು ಸಣ್ಣ ವಿಷಯ ಹೇಳಬೇಕು. ನಮ್ಮ ಮನೆಯ ಫೋನುಗಳಿಗೆಲ್ಲ ಒಂದೇ ಇಮೇಲ್. ನಾನು ಡಿಗ್ರಿಯಲ್ಲಿದ್ದಾಗ ಗ್ಯಾಸ್ ಬುಕಿಂಗಿಗೆಂದು ಮಾಡಿದ್ದು. ಆಮೇಲೆ ಯಾರ ಫೋನಿನಲ್ಲಿ ಏನು ಹಾಕುವುದಿದ್ದರೂ ಅದೇ ಇಮೇಲ್, ಅದೇ ಪಾಸ್‌ವರ್ಡ್. ಹಾಗಾಗಿ ಅತ್ತಿಗೆ ಕೇಳಿದ ಪ್ರಶ್ನೆಗಳೆಲ್ಲ ನನ್ನ ಫೋನಿನ ಪಟ್ಟಿಯಲ್ಲೂ ಕಾಣುತ್ತಿದ್ದವು. ಬೆಳಗಿನ ಬಸ್ಸಿನಲ್ಲಿ ಕೂತು ಓದುತ್ತಿದ್ದೆ. ಮೊದಮೊದಲು — ಹೇಳಿಬಿಡುತ್ತೇನೆ — ನಗುತ್ತಿದ್ದೆ. "ಸೂಜಿಗೆ ಹೆದರುವವರಿಗೆ ಇಂಗ್ಲಿಷಿನಲ್ಲಿ ಧೈರ್ಯ ಹೇಳುವುದು ಹೇಗೆ?" "ತಿಂಡಿ ತಿಂದು ಬಂದಿದ್ದೀರಾ ಅಂತ ಮರ್ಯಾದೆಯಿಂದ ಕೇಳುವುದು ಹೇಗೆ?" ಕಿಟಕಿಯ ಕಡೆ ತಿರುಗಿ ಒಬ್ಬಳೇ ನಗುತ್ತಿದ್ದೆ.

ಆಮೇಲೆ ನಗು ನಿಂತಿತು. ಒಂದು ದಿನದ ಪ್ರಶ್ನೆ ಹೀಗಿತ್ತು: "ಲೇಟ್ ಆಗ್ತದೆ ಅನ್ನುವುದನ್ನು ಎಷ್ಟು ರೀತಿಯಲ್ಲಿ ಹೇಳಬಹುದು? ಕಾಯುವವರಿಗೆ ಯಾವುದು ಕಡಿಮೆ ನೋವು?" ಎಂ.ಎ. ಓದಿದ ನಾನು ಯಾವ ಪದದ ಬಗ್ಗೆಯೂ ಹಾಗೆ ಕೇಳಿದವಳಲ್ಲ. ಅರ್ಥ ಕೇಳಿದ್ದೆ, ಉಚ್ಚಾರ ಕೇಳಿದ್ದೆ, ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳಿದ್ದೆ. ಆ ಪದ ತಾಗುವ ಮನುಷ್ಯನ ಬಗ್ಗೆ ಕೇಳಿರಲಿಲ್ಲ.

ಹೌದು, ನಾನೂ ಪದಗಳಿಗೆ ಫೋನನ್ನೇ ಕೇಳುತ್ತಿದ್ದೆ. ಅದೇ ಆ್ಯಪ್, ಅದೇ ಬಸ್ಸು, ಕಿವಿಗೆ ಇಯರ್‌ಫೋನ್. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಎಂ.ಎ. ಪಾಸಾದದ್ದು ನೋಟ್ಸ್ ಬಾಯಿಪಾಠ ಮಾಡಿ. ಕಾಗದದ ಮೇಲೆ ಬರೆಯಬಲ್ಲ ಪದವನ್ನು ನಾಲಗೆಯ ಮೇಲೆ ತರುವ ಧೈರ್ಯ ನನಗಿರಲಿಲ್ಲ. ಅಂದಿನ ಪಾಠದ ಪದಗಳನ್ನೆಲ್ಲ ಬಸ್ಸು ಮೂಡುಬಿದಿರೆ ಮುಟ್ಟುವುದರೊಳಗೆ ಕೇಳಿ ತಿಳಿದುಕೊಂಡು ತರಗತಿಗೆ ಹೋಗುತ್ತಿದ್ದೆ. ಇದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಅಪ್ಪ ಇಂಗ್ಲಿಷ್ ಪೇಪರ್ ಓದುವ ಮನೆಯಲ್ಲಿ ಹುಟ್ಟಿದವರಿಗೆ ಊಟದ ಜೊತೆ ಸಿಕ್ಕಿದ್ದು ನಮಗೆ ಎಲ್ಲಿ ಸಿಗಬೇಕಿತ್ತು? ತಪ್ಪು ಹೇಳಿದರೆ ನಗದ, ಹತ್ತನೇ ಸಲ ಕೇಳಿದರೂ ಮುಖ ಸಿಂಡರಿಸದ ಮೇಷ್ಟ್ರು ನನಗೆ ಸಿಕ್ಕಿದ್ದು ಫೋನಿನೊಳಗೆ. ಅದೂ ಕೆಲವೊಮ್ಮೆ ತಪ್ಪು ಹೇಳುತ್ತದೆ. ಡಿಕ್ಷನರಿ ತೆಗೆದು ತಾಳೆ ನೋಡುತ್ತಿದ್ದೆ. ಮನುಷ್ಯ ಮೇಷ್ಟ್ರುಗಳು ಹೇಳಿದ್ದನ್ನು ತಾಳೆ ನೋಡುವ ಧೈರ್ಯ ಎಂದಾದರೂ ಮಾಡಿದ್ದೆನೇ?

ಹಾಗಿದ್ದೂ ಶಾಲೆಯ ಸ್ಟಾಫ್ ರೂಮಿನಲ್ಲಿ ಹಿರಿಯ ಟೀಚರ್ ಒಬ್ಬರು "ಫೋನಲ್ಲಿ ಕಲಿತ ಇಂಗ್ಲಿಷ್ ಇಂಗ್ಲಿಷಾ?" ಎಂದಾಗ ನಾನು ಅಲ್ಲವೆಂದು ತಲೆ ಅಲ್ಲಾಡಿಸಿದ್ದೆ. ಎಲ್ಲರಿಗಿಂತ ಜೋರಾಗಿ.

ಅತ್ತಿಗೆ ಲ್ಯಾಬಿಗೆ ಹೋಗಿ, ಅರ್ಧ ದಿನ ಕೆಲಸ ಮಾಡಿ ತೋರಿಸಿ ಬಂದರು. ಅಲ್ಲಿ ಎಲ್ಲ ನೋಡಿಕೊಳ್ಳುವವಳು ಪ್ರಮೀಳಾ, ನನ್ನ ಡಿಗ್ರಿಯ ಗೆಳತಿ. ಅವಳ ಮನೆಯ ಮಾತು ಕೊಂಕಣಿ. ಕಾಲೇಜಿನಿಂದಲೂ ನಮ್ಮಿಬ್ಬರ ನಡುವೆ ಕನ್ನಡ. ಮಾರನೇ ದಿನವೋ ಅದರ ಮಾರನೇ ದಿನವೋ ಅವಳೇ ಫೋನ್ ಮಾಡಿದಳು. ನಾನು ಬಸ್ಸಿನಲ್ಲಿದ್ದೆ.

"ನಿನ್ನ ಅತ್ತಿಗೆ ಚಂದ ಮಾತಾಡ್ತಾರೆ ಮಾರಾಯ್ತಿ! ಇನ್ಶೂರೆನ್ಸಿನವನನ್ನು ಎಷ್ಟು ಸಮಾಧಾನದಲ್ಲಿ ಸುಧಾರಿಸಿದ್ರು ಗೊತ್ತುಂಟಾ? ಎಲ್ಲಿ ಕಲಿತದ್ದು?"

ನಾನು ಹೇಳಿದೆ: "ಎಲ್ಲಿ ಕಲಿಯುವುದು? ಮೊಬೈಲ್ ಹೇಳಿಕೊಟ್ಟದ್ದು, ಅಷ್ಟೇ."

ಅವಳ ದನಿ ಬದಲಾಯಿತು. "ಹೌದಾ? ಹಾಗಾದ್ರೆ ಕಷ್ಟ. ಬಾಯಿಪಾಠ ಮಾಡಿ ಬಂದದ್ದಾ? ನಾಳೆ ಏನಾದ್ರೂ ತಪ್ಪು ಹೇಳಿದ್ರೆ ನನ್ನ ತಲೆಗೆ ಬರ್ತದೆ."

ಬಾಯಿಪಾಠ ಮಾಡಿದವಳು ನಾನು, ಅವರಲ್ಲ — ಅಷ್ಟು ಹೇಳಲು ನನಗೆ ಸಮಯವಿತ್ತು. ಬಸ್ಸು ಓಡುತ್ತಿತ್ತು, ಸಿಗ್ನಲ್ ಇತ್ತು, ಪ್ರಮೀಳಾ ಕಾಯುತ್ತಿದ್ದಳು. ನಾನು "ಹೂಂ" ಎಂದೆ. ವಾಕ್ಯ ಬಾಯಿ ತಪ್ಪಿ ಬಂತು ಎಂದರೂ ನಡೆದೀತು. ಆ "ಹೂಂ" ಬಾಯಿ ತಪ್ಪಿ ಬಂದದ್ದಲ್ಲ. ಮನೆಯಲ್ಲಿ ಇಂಗ್ಲಿಷ್ ಎಂದರೆ ನಾನಾಗಿದ್ದೆ. ಇನ್ನೊಬ್ಬರು ಆಗುವುದು ನನಗೆ ಬೇಕಿರಲಿಲ್ಲ. ಅದಕ್ಕೆ ಹೊಟ್ಟೆಕಿಚ್ಚು ಎಂಬ ಹೆಸರಿದೆ. ಬೇರೆ ಹೆಸರು ಹುಡುಕುವುದಿಲ್ಲ.

ಕುರ್ಚಿ ಬೇರೆ ಯಾರಿಗೋ ಹೋಯಿತು. ಅತ್ತಿಗೆ "ಆಗ್ಲಿಲ್ಲ" ಎಂದಷ್ಟೇ ಹೇಳಿ ಗೆರಸೆ ತೆಗೆದುಕೊಂಡರು. ಅಂದಿನ ಸಂಜೆಯೂ ನನಗೆ ಚಹಾ ಮಾಡಿ ಕೊಟ್ಟರು. ಫೋನ್ ಮತ್ತೆ ಅಕ್ಕಿ ಡಬ್ಬಕ್ಕೆ ಒರಗಲಿಲ್ಲ.

ಕಳೆದ ತಿಂಗಳು ಒಂಬತ್ತನೇ ತರಗತಿಗೆ ಎರಡು ವರ್ಷದ ಹಿಂದೆ ಮಾಡಿದ್ದ ಪಾಠ ಮತ್ತೆ ಬಂತು. ಹಿಂದೆ ಕೇಳಿಟ್ಟದ್ದು ಇರಬಹುದೆಂದು ಪಟ್ಟಿಯಲ್ಲಿ ಕೆಳಕೆಳಗೆ ಹೋದೆ. ಸಿಕ್ಕಿತು. 'ರಿಲಕ್ಟೆಂಟ್' ಎಂಬ ಪದವನ್ನು ಮಕ್ಕಳಿಗೆ ಹೇಗೆ ವಿವರಿಸಲಿ ಎಂದು ನಾನು ಕೇಳಿದ್ದೆ. ಆಮೇಲೆ ನಾನು ತೆರೆದೇ ನೋಡದ ಆ ಉತ್ತರದ ಕೆಳಗೆ ಇನ್ನೊಂದು ಪ್ರಶ್ನೆಯಿತ್ತು. ನಾನು ಕೇಳಿದ್ದಲ್ಲ: "ಇದಕ್ಕೆ ಮನೆಯೊಳಗಿನ ಉದಾಹರಣೆ ಹೇಳು. ಮನಸ್ಸಿಲ್ಲದೆ ಹೇಳಿಕೊಡುವವರ ಬಗ್ಗೆ."

ನನ್ನ ಇನ್ನೊಂದು ಪ್ರಶ್ನೆ ತೆರೆದೆ. ಅದರ ಕೆಳಗೂ ಇತ್ತು. ಇನ್ನೊಂದು. ಅಲ್ಲಿಯೂ. ಎಲ್ಲವೂ ಲ್ಯಾಬಿಗೆ ಹೋಗುವ ಮೊದಲಿನವು. ಅವರದು ನನಗೆ ಕಾಣುತ್ತದೆ ಎಂದು ತಿಳಿದಿದ್ದ ನನಗೆ, ನನ್ನದು ಅವರಿಗೆ ಕಾಣುತ್ತದೆ ಎಂಬುದು ಎರಡು ವರ್ಷ ಹೊಳೆದಿರಲಿಲ್ಲ. ಎಂ.ಎ. ಓದಿದ ತಲೆ! ಅತ್ತಿಗೆ ನನ್ನ ಪ್ರಶ್ನೆಗಳನ್ನು ಹಿಡಿದುಕೊಂಡೇ ಕಲಿತಿದ್ದರು. ಮನಸ್ಸಿಲ್ಲದೆ, ಗೊತ್ತಿಲ್ಲದೆ, ನಾನು ಅವರ ಟೀಚರ್ ಆಗಿದ್ದೆ. ಮೊಬೈಲ್ ಹೇಳಿಕೊಟ್ಟದ್ದು ಅಷ್ಟೇ ಎಂದೆನಲ್ಲ — ಅದೂ ಪೂರ್ತಿ ನಿಜವಾಗಿರಲಿಲ್ಲ.

ಪ್ರಮೀಳಾಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳೆಂದಳು: "ಈಗ ಆ ಜಾಗ ಖಾಲಿ ಇಲ್ಲ ಶುಭಾ. ಮತ್ತೆ, ನಾನು ಅವತ್ತೇ ಅವರಿಗೆ ಹೇಳಿದ್ದೆ — ನಿಮ್ಮ ನಾದಿನಿಯೇ ಹೀಗೆ ಹೇಳಿದ್ದು, ನಾನೆಂತ ಮಾಡ್ಲಿ ಅಂತ."

ಅಂದರೆ ಅಂದಿನ ಆ ಚಹಾ ಎರಡೂ ಗೊತ್ತಿದ್ದ ಕೈ ಮಾಡಿದ್ದು — ನಾನು ಹೇಳಿದ್ದೂ, ನಾನೂ ಫೋನಿನಿಂದಲೇ ಕಲಿಯುವುದೂ.

ಸ್ಟಾಫ್ ರೂಮಿನಲ್ಲಿಯೂ ಹೇಳಿದೆ: ನಾನು ಪದ ಕಲಿಯುವುದು ಫೋನಿನಿಂದ, ಬಸ್ಸಿನಲ್ಲಿ, ಇವತ್ತೂ ಕಲಿತು ಬಂದೆ. ಒಬ್ಬರು ನಕ್ಕರು. ನಗಲಿ. ತರಗತಿಯಲ್ಲಿ ನನಗೆ ಗೊತ್ತಿಲ್ಲದ ಪದ ಬಂದರೆ ಈಗ ಮಕ್ಕಳ ಎದುರೇ ಕೇಳುತ್ತೇನೆ. ಇದರಿಂದ ಅತ್ತಿಗೆಯ ಬೆನ್ನು ನೆಟ್ಟಗಾಗುವುದಿಲ್ಲ, ಗೊತ್ತು. ಲೆಕ್ಕ ಚುಕ್ತಾ ಮಾಡಲು ಇದನ್ನು ಮಾಡುತ್ತಿಲ್ಲ. ಆ ದಿನ ಅಲ್ಲಾಡಿದ ನನ್ನ ತಲೆ ಇನ್ನೊಮ್ಮೆ ಹಾಗೆ ಅಲ್ಲಾಡಬಾರದು, ಅದಕ್ಕೆ.

ಹೋದ ಭಾನುವಾರ ಜಗಲಿಯಲ್ಲಿ ಅತ್ತಿಗೆಯ ಎದುರು ಕೂತು ಎಲ್ಲ ಹೇಳಿದೆ. ಪಟ್ಟಿಯನ್ನೂ ತೋರಿಸಿದೆ. ಅವರ ಕೈ ನಿಲ್ಲಲಿಲ್ಲ. "ಎಲೆ ಒಣಗ್ತಾ ಉಂಟು. ಆ ಬಟ್ಟೆ ಸ್ವಲ್ಪ ಮೇಲೆ ಎಳಿ" ಎಂದರು. ಎಳೆದೆ. ಕ್ಷಮೆ ಕೇಳಲು ಹೋದವಳು ನಾನು. ಕೊನೆಗೆ ಬಾಯಿಗೆ ಬಂದದ್ದು ಒಂದು ಪ್ರಶ್ನೆ.

"ನಿಮ್ಮ ಪ್ರಶ್ನೆ ಓದಿ ನಾನು ಬಸ್ಸಲ್ಲಿ ನಗ್ತಿದ್ದೆ ಅತ್ತಿಗೆ. ನನ್ನದು ಓದುವಾಗ ನೀವು ನಕ್ಕಿದ್ದೀರಾ?"