ಉಪ್ಪುಂಡ ಹಲಗೆಯ ತೊಟ್ಟಿಲು

ನನ್ನ ಭಾವ ದಾಸನಿಗೆ ಬುದ್ಧಿ ಹೇಳುವುದೂ ಒಂದೇ, ಗೋರ್ಕಲ್ಲ ಮೇಲೆ ಮಳೆ ಸುರಿಯುವುದೂ ಒಂದೇ. ಹೊನ್ನಾವರದ ಕಾಸರಕೋಡಿನಲ್ಲಿ ಮರದ ದೋಣಿ ಕಟ್ಟುತ್ತಿದ್ದವನು. ಫೈಬರ್ ದೋಣಿ ಬಂದು ಆ ಕೆಲಸ ನಿಂತಮೇಲೆ ಎಲ್ಲರಂತೆ ಮೀನು ಹಿಡಿಯುವ ಬೋಟಿನ ಕೆಲಸಕ್ಕೆ ಹೋಗಲಿಲ್ಲ. ದಡದಲ್ಲಿ ಬಿದ್ದಿದ್ದ ಹಳೇ ದೋಣಿಗಳನ್ನು ಬಿಚ್ಚಿ, ಹಲಗೆಗಳನ್ನು ಮನೆಗೆ ಹೊತ್ತು ತಂದು, ಹಿತ್ತಿಲಲ್ಲಿ ಕೂತು ಸ್ಟೂಲು, ಬೆಂಚು, ಟೀಪಾಯಿ ಮಾಡತೊಡಗಿದ. ಕೀಸುಳಿ ಹಾಕಿ ನಯ ಮಾಡಿದರೆ ಆ ಮರ ಕಪ್ಪು ಗೆರೆಗಳೊಂದಿಗೆ ಎಷ್ಟು ಚೆಂದ ಕಾಣುತ್ತಿತ್ತೆಂದರೆ, ನಾನೂ ಹೊಟ್ಟೆಕಿಚ್ಚುಪಟ್ಟಿದ್ದೇನೆ.

ದೋಣಿ ಕಟ್ಟುವಾಗ ಅವನು ತಾಮ್ರದ ಮೊಳೆಯನ್ನೇ ಹೊಡೆಯುತ್ತಿದ್ದ. ಉಪ್ಪುನೀರಿನಲ್ಲಿ ಕಬ್ಬಿಣ ಬಾಳುವುದಿಲ್ಲ, ಇದು ನಮ್ಮ ಕೇರಿಯ ಕೋಳಿಗೂ ಗೊತ್ತು. ಪೀಠೋಪಕರಣಕ್ಕೆ ಮಾತ್ರ ಥಳಥಳ ಹೊಳೆಯುವ ಕಬ್ಬಿಣದ ಸ್ಕ್ರೂ ತಂದ. ಅವನ ಹೆಂಡತಿ, ಅಂದರೆ ನನ್ನ ಅಕ್ಕ ನಾಗಿ, ಕಬ್ಬಿಣ ಯಾಕೆ ಎಂದು ಕೇಳಿಯೇ ಕೇಳಿದಳು. ಭಾವ "ಸ್ಟೂಲೆಂತ ಮೀನು ಹಿಡಿಯುಕೆ ಹೋಗ್ತದ್ಯಾ?" ಎಂದು ನಕ್ಕುಬಿಟ್ಟ.

ಬೇಸಿಗೆಯಲ್ಲಿ ಹತ್ತಿರದ ಮಂಕಿ ಊರಿನ ಈರಮ್ಮ ಬಂದು ಅದೇ ಹಲಗೆಯ ತೊಟ್ಟಿಲು ಮಾಡಿಸಿಕೊಂಡು ಹೋದಳು. ಮೀನು ಮಾರುವ ಈರಮ್ಮನ ಬಾಯಿಗೆ ಹೊನ್ನಾವರದ ಮಾರುಕಟ್ಟೆಯೇ ಹೆದರುತ್ತದೆ. ಮಗಳು ಸುಚಿತಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನಾಲ್ಕು ಮೂಲೆಗೆ ನಾಲ್ಕು ಕೊಕ್ಕೆ ತಿರುಗಿಸಿ, ಸರಪಳಿ ಹಾಕಿ, ಭಾವನೇ ಹೋಗಿ ಅವರ ಮನೆಯ ಜಂತಿಗೆ ತೂಗುಹಾಕಿ ಬಂದ. ಕೊಕ್ಕೆಗಳೂ ಕಬ್ಬಿಣದವೇ.

ಮಳೆ ಹಿಡಿದು ತಿಂಗಳಾಗಿತ್ತು. ಅಂದು ಬೆಳಿಗ್ಗೆ ಭಾವ ತಾನೇ ಮಾಡಿದ ಸ್ಟೂಲಿನ ಮೇಲೆ ಕೂತು ಚಾ ಕುಡಿಯುತ್ತಿದ್ದ. ಲಟಕ್ಕೆಂದು ಸ್ಟೂಲಿನ ಕಾಲು ಕಳಚಿ ಕೆಳಗೆ ಬಿದ್ದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ನಾನು ನಗಲು ಹೊರಟಿದ್ದೆ. ಅವನು ನಗಲಿಲ್ಲ. ಮುರಿದ ಸ್ಕ್ರೂವನ್ನು ಎತ್ತಿ ಹಿಡಿದ. ಅದರ ತಲೆ ಹೊಸದರಂತೆ ಹೊಳೆಯುತ್ತಿತ್ತು. ಮರದೊಳಗಿದ್ದ ಭಾಗ ಮಾತ್ರ ತುಕ್ಕು ತಿಂದು ಸೂಜಿಯಷ್ಟು ಸಣ್ಣಗಾಗಿತ್ತು. ಹಲಗೆ ಕಡಲಿಗೆ ಹೋಗಬೇಕಾಗಿಯೇ ಇರಲಿಲ್ಲ. ವರ್ಷಾನುಗಟ್ಟಲೆ ಕುಡಿದ ಉಪ್ಪು ಅದರೊಳಗೇ ಇತ್ತು. ಮಳೆಗಾಲದ ತೇವಕ್ಕೆ ಅದು ಒಳಗೊಳಗೇ ಬೆವರಿತ್ತು.

"ಮಂಕಿಗೆ ಹೊರಡು ಮಾರಾಯ, ಸುಚಿತಾನ ಕೂಸು ತೊಟ್ಟಿಲಲ್ಲಿ ಅದೆ" ಎಂದ ಭಾವ. ಕಾಲಿಗೆ ಚಪ್ಪಲಿಯನ್ನೂ ಹಾಕಿಕೊಳ್ಳದೆ ನನ್ನ ರಿಕ್ಷಾ ಹತ್ತಿದ.

ಈರಮ್ಮನ ಫೋನು ರಿಂಗಾಗುತ್ತಿತ್ತು, ಎತ್ತುವವರಿಲ್ಲ. ಹೆದ್ದಾರಿಯಲ್ಲಿ ಗುಡ್ಡದ ಮಣ್ಣು ಜಾರಿ, ಜೆಸಿಬಿ ಅದನ್ನು ಬದಿಗೆ ತಳ್ಳುತ್ತಿತ್ತು. ಕೆಂಪು ಬಾವುಟದವನು ನಮ್ಮನ್ನು ತಡೆದ. ಭಾವ ಇಳಿದು, ಮಣ್ಣಿನ ಮೇಲೇ ಹತ್ತಿ, ಆಚೆ ಕಡೆ ಓಡತೊಡಗಿದ. ಬಾವುಟದವನಿಗೆ ಬಾಯಿಗೆ ಬಂದಂತೆ ಬೈದು ನಾನೂ ರಿಕ್ಷಾ ಅಲ್ಲೇ ಬಿಟ್ಟು ಓಡಿದೆ. ಆ ಕೂಸಿಗೆ ಏನಾದರೂ ಆಗಿದ್ದರೆ ಇವನು ಮನೆಗೆ ತಿರುಗಿ ಬರುವವನಲ್ಲ ಎಂಬುದು ನನಗೆ ಗೊತ್ತಿತ್ತು.

ಈರಮ್ಮನ ಮನೆಯ ಬಾಗಿಲು ತೆರೆದಿತ್ತು. ಕೂಸು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿತ್ತು. ಪಕ್ಕದಲ್ಲಿ ಈರಮ್ಮ ಹಾಡಿಕೊಂಡು ತೂಗುತ್ತಿದ್ದಳು.

"ಈರಮ್ಮಕ್ಕ, ತೂಗಬೇಡ! ಕೂಸನ್ನ ಎತ್ತು!" ಎಂದು ಭಾವ ಕೂಗಿದ.

"ಈಗಷ್ಟೇ ಕಣ್ಣು ಮುಚ್ಚಿದ್ದು. ಎಂತ ಆತು ನಿಂಗೆ?"

"ಕೊಕ್ಕೆ ಒಳಗೆ ತುಕ್ಕು ಹಿಡದದೆ. ನಂದೇ ತಪ್ಪು. ಎತ್ತು."

ಈರಮ್ಮ ಕೊಕ್ಕೆಗಳನ್ನು ನೋಡಿದಳು. "ಬಂಗಾರದಂಗೆ ಹೊಳೀತದಲ್ಲ! ಮೈಯೆಲ್ಲ ಒದ್ದೆ ಮಾಡ್ಕಂಡು ಬಂದು ಕೂಸಿನ ಹತ್ರ ನಿಲ್ಲಬೇಡ, ಆಚೆ ಹೋಗು."

ಭಾವ ಆಚೆ ಹೋಗಲಿಲ್ಲ. ನೆಲದ ಮೇಲೆ ಮೊಣಕಾಲೂರಿ, ಎರಡೂ ಅಂಗೈಗಳನ್ನು ತೊಟ್ಟಿಲಿನ ತಳಕ್ಕೆ ಕೊಟ್ಟು ಹಿಡಿದ. ಈರಮ್ಮ ಬೈದಳು, ಭುಜ ಹಿಡಿದು ಎಳೆದಳು. ಅವನು ಅಲ್ಲಾಡಲಿಲ್ಲ. ಗಲಾಟೆ ಕೇಳಿ ಬಚ್ಚಲಿನಿಂದ ಸುಚಿತಾ ಒದ್ದೆ ತಲೆಯಲ್ಲೇ ಓಡಿಬಂದಳು. ಭಾವನ ಮುಖ ನೋಡಿದವಳೇ ಮಗುವನ್ನು ಎತ್ತಿಕೊಂಡಳು. ಆಮೇಲಷ್ಟೇ ಅವನು ಕೈ ತೆಗೆದ.

"ಬಿಚ್ಚಿಕೊಂಡು ಹೋಗ್ತೆ" ಎಂದ.

"ಕೂಸಿದ್ದ ಮನೆಲಿ ತೊಟ್ಟಿಲು ಬಿಚ್ಚುದಾ? ಬರಿ ತೊಟ್ಟಿಲು ಬಿಡುದೂ ಒಳ್ಳೇದಲ್ಲ" ಎಂದು ಈರಮ್ಮ ಸಿಡುಕುತ್ತ ಒಳಗೆ ಹೋಗಿ ಅರೆಯುವ ಗುಂಡುಕಲ್ಲು ತಂದಳು. ನಾಮಕರಣದ ದಿನ ಕೂಸಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮಲಗಿಸುವುದು ಪದ್ಧತಿ. ಈಗಲೂ ಹಾಗೆಯೇ ಮಲಗಿಸಿದಳು. "ನೋಡು, ಎಂತ ಆಗ್ತದೆ" ಎಂದು ಹಟಕ್ಕೆ ತೂಗಿದಳು.

ಒಂದು ಸಲ ಹೋಗಿ ಬಂತು. ಎರಡನೆಯ ಸಲ ತಲೆಕಡೆಯ ಒಂದು ಕೊಕ್ಕೆ ಟಪ್ಪೆಂದು ತುಂಡಾಯಿತು. ತೊಟ್ಟಿಲು ಓರೆಯಾಗಿ ನೇತಾಡಿತು. ಕಲ್ಲು ಜಾರಿ ನೆಲಕ್ಕೆ ಬಿತ್ತು. ಟೈಲ್ಸು ಒಡೆದು ಚೂರುಗಳು ಗೋಡೆಯವರೆಗೆ ಹಾರಿದವು.

ಈರಮ್ಮನ ಕೈ ಇನ್ನೂ ಸರಪಳಿಯ ಮೇಲೇ ಇತ್ತು. ಅವಳು ಕತ್ತಿಯನ್ನೇ ತರುತ್ತಾಳೆಂದು ನಾನು ಭಾವನ ಮುಂದೆ ಹೋಗಿ ನಿಂತೆ. ಅವಳು ನನ್ನನ್ನು ಬದಿಗೆ ಸರಿಸಿದಳು. ಮಗಳ ತೋಳಿನಿಂದ ಕೂಸನ್ನು ತೆಗೆದು ಭಾವನ ಒದ್ದೆ ಕೈಗಳಲ್ಲಿ ಇಟ್ಟಳು.

"ಹಿಡ್ಕ. ಎಷ್ಟು ಭಾರ ನೋಡ್ಕ. ಇನ್ನೊಂದು ತೊಟ್ಟಿಲು ನೀನೇ ಮಾಡಬೇಕು."

ಅಷ್ಟು ಹೊತ್ತು ಗಟ್ಟಿಯಾಗಿದ್ದ ಭಾವ ಕೂಸನ್ನು ಎದೆಗೆ ಒತ್ತಿಕೊಂಡ. ಅವನು ಅತ್ತುಬಿಟ್ಟ. ಈರಮ್ಮ ಕೂಸನ್ನು ವಾಪಸ್ಸು ತೆಗೆದುಕೊಳ್ಳಲಿಲ್ಲ.